ದೊಡ್ಡ ಗಾಲಿಯ ಮೋಹ, ಮಡ್‌ಗಾರ್ಡಿನ ಪಾಡು

ದಾವಣಗೆರೆಯ ವಿದ್ಯಾನಗರದಲ್ಲಿ ಭಾನುವಾರ ಬೆಳಗಿನ ಹೊತ್ತು ತಿರುಗಾಡುವವರಿಗೆ, ಅಂಗಳದಲ್ಲಿ ಕಾರು ತೊಳೆಯುವ ಗೃಹಸ್ಥರು ಕಾಣಸಿಗುವುದು ಸಹಜವೇ. ಈಚೆಗೆ ಅದರೊಡನೆ ಮತ್ತೊಂದು ದೃಶ್ಯವೂ ಸೇರಿಕೊಂಡಿದೆ. ಜಾಕಿನ ಮೇಲೆ ಎತ್ತಿ ನಿಲ್ಲಿಸಿದ ಕಾರು, ಕಳಚಿಟ್ಟ ಗಾಲಿ, ಮಡ್‌ಗಾರ್ಡಿನ ಕೆಳಗೆ ತಲೆ ತೂರಿಸಿದ ಇಬ್ಬರು ತರುಣರು. ಸಾಲದ ಕಂತು ಇನ್ನೂ ತೀರದ ಆ ವಾಹನವನ್ನು ಬಾಗಿಲಲ್ಲಿ ನಿಂತು ಮೌನವಾಗಿ ದಿಟ್ಟಿಸುತ್ತಿರುವ ತಂದೆ. ಕಂಪನಿಯವರು ಕೊಟ್ಟ ಗಾಲಿ ಸಣ್ಣದಾಯಿತಂತೆ! ಅಗಲವಾದ, ಎತ್ತರವಾದ ಗಾಲಿ ಬಂದಿದೆ. ಆದರೆ ಮಡ್‌ಗಾರ್ಡು ಅದಕ್ಕೆ ಎಡೆಗೊಡಲು ಒಪ್ಪುತ್ತಿಲ್ಲ.

ಗಾಲಿಯ ಮೋಹ ನಮ್ಮ ನಾಡಿಗೆ ಹೊಸದಲ್ಲ. ಬಂಡಿಯ ಕಾಲದಲ್ಲಿ ಬಡಗಿ ಗಾಲಿ ಕಟ್ಟಿದರೆ, ಕಮ್ಮಾರನು ಕಬ್ಬಿಣದ ಪಟ್ಟಿಯನ್ನು ಕೆಂಪಗೆ ಕಾಯಿಸಿ ಅದಕ್ಕೆ ತೊಡಿಸಿ ನೀರು ಹೊಯ್ಯುತ್ತಿದ್ದ. ಪಟ್ಟಿ ಕುಗ್ಗಿ ಬಿಗಿಯಾಗಿ ಕೂರುತ್ತಿತ್ತು. ಜೇಡರ ದಾಸಿಮಯ್ಯನವರ ವಚನದಲ್ಲಿ ಬರುವ ಕಡೆಗೀಲಂತೂ ಕನ್ನಡ ಓದಿದವರಿಗೆಲ್ಲ ಪರಿಚಿತ. ಆದರೆ ಆ ಗಾಲಿಯ ನೆತ್ತಿಯ ಮೇಲೆ ತಗಡಿನ ಕಮಾನಿರಲಿಲ್ಲ. ಕಾರಿನ ಗಾಲಿಯಾದರೋ ಕಮಾನಿನೊಳಗೇ ಏರಬೇಕು, ಇಳಿಯಬೇಕು, ಎಡಬಲಕ್ಕೆ ಹೊರಳಬೇಕು.

ಇದರ ಲೆಕ್ಕ ಟೈರಿನ ಮೈಮೇಲೆಯೇ ಅಚ್ಚಾಗಿದೆ. ೧೬೫/೮೦ ಆರ್ ೧೪ ಎಂದಿದ್ದರೆ, ೧೬೫ ಎಂಬುದು ಮಿಲಿಮೀಟರಿನಲ್ಲಿ ಟೈರಿನ ಅಗಲ. ಪಕ್ಕದ ಗೋಡೆಯ ಎತ್ತರ ಆ ಅಗಲದ ನೂರರಲ್ಲಿ ೮೦ ಪಾಲು. ರಿಮ್ಮಿನ ವ್ಯಾಸ ೧೪ ಅಂಗುಲ. ಕೂಡಿಸಿದರೆ ಒಟ್ಟು ವ್ಯಾಸ ಸುಮಾರು ೬೨೦ ಮಿಲಿಮೀಟರು. ಇದನ್ನು ತೆಗೆದು ೨೦೫/೬೫ ಆರ್ ೧೫ ಹಾಕಿದರೆ ವ್ಯಾಸ ೬೪೮ರ ಹತ್ತಿರ ಬರುತ್ತದೆ. ನೆತ್ತಿಯ ಎಡೆ ೧೪ ಮಿಲಿಮೀಟರು ಕಿರಿದಾಗುತ್ತದೆ, ಅಗಲ ೪೦ ಮಿಲಿಮೀಟರು ಹಿಗ್ಗುತ್ತದೆ. ಸಾಲದುದಕ್ಕೆ ವೇಗದ ಮುಳ್ಳು ಸುಳ್ಳಾಡತೊಡಗುತ್ತದೆ: ಮೊದಲು ಸರಿಯಾಗಿ ನೂರು ತೋರಿಸುತ್ತಿದ್ದಲ್ಲಿ ಈಗ ಕಾರು ನೂರನಾಲ್ಕನ್ನು ಮೀರಿ ಓಡುತ್ತಿರುತ್ತದೆ. ಇದರ ಬದಲು ೧೮೫/೬೫ ಆರ್ ೧೫ ಆರಿಸಿದರೆ ವ್ಯಾಸ ಹೆಚ್ಚುಕಡಿಮೆ ಮೊದಲಿನಷ್ಟೇ ಇರುತ್ತದೆ. ಮಾರುತಿ ಸ್ವಿಫ್ಟ್ ಕಾರಿನ ಅಗ್ಗದ ಮಾದರಿಗಳಿಗೆ ಮೊದಲನೆಯ ಅಳತೆಯನ್ನೂ ಮೇಲ್ದರ್ಜೆಯವಕ್ಕೆ ಈ ಅಳತೆಯನ್ನೂ ಕಂಪನಿಯವರೇ ಕೊಟ್ಟಿದ್ದಾರೆ. ಅಂದವೂ ಉಳಿಯಿತು, ತಗಡೂ ಉಳಿಯಿತು. ನನ್ನನ್ನು ಕೇಳಿದರೆ ಮಾತು ಇಲ್ಲಿಗೇ ಮುಗಿಯಬೇಕು. ಆದರೆ ಇಪ್ಪತ್ತರ ಹರೆಯ ಲೆಕ್ಕಕ್ಕೆ ಸೋತದ್ದುಂಟೆ?

ಮಡ್‌ಗಾರ್ಡಿನ ಅಂಚನ್ನು ಒಳಗಿನಿಂದ ಬೆರಳಾಡಿಸಿ ನೋಡಿ. ತಗಡು ಒಳಕ್ಕೆ ಮಡಿಚಿ ಒಂದು ತುಟಿಯಂತೆ ಚಾಚಿಕೊಂಡಿರುತ್ತದೆ. ದೊಡ್ಡ ಟೈರು ಮೊದಲು ತಗಲುವುದು ಈ ತುಟಿಗೇ. ಅದನ್ನು ಮೇಲಕ್ಕೆ ಮಡಿಚಿ ಒಳಗೋಡೆಗೆ ಒತ್ತಿಬಿಡುವುದೇ ಈ ಮನೆಗೆಲಸದ ಸಾರ. ಗಾಲಿ ಕಳಚಿದ ಜಾಗದಲ್ಲಿ ಬೋಲ್ಟು ಹಾಕಿ ಕೂರಿಸಿ, ಉರುಳೆಯಿಂದ ಅಂಚನ್ನು ತೀಡುವ ಸಾಧನವುಂಟು. ಅದಿಲ್ಲದವರು ಟೈರಿಗೂ ಅಂಚಿಗೂ ನಡುವೆ ದುಂಡನೆಯ ದೊಣ್ಣೆಯನ್ನಿಟ್ಟು ಕಾರನ್ನು ಹಿಂದೆಮುಂದೆ ನೂಕುತ್ತಾರೆ. (ಹೋಳಿಗೆಯ ಲಟ್ಟಣಿಗೆ ಕಾಣೆಯಾದರೆ ಗೃಹಿಣಿಯರು ಮೊದಲು ಅಂಗಳವನ್ನು ಹುಡುಕುವುದು ಲೇಸು.)

ಕಷ್ಟವಿರುವುದು ಬಗ್ಗಿಸುವುದರಲ್ಲಲ್ಲ. ಒಂದು ಮಿಲಿಮೀಟರಿಗಿಂತ ತೆಳ್ಳಗಿನ ಆ ತಗಡು ಬೇಗನೆ ಬಾಗುತ್ತದೆ. ಅದರ ಮೇಲಣ ಬಣ್ಣ ಬಾಗುವುದಿಲ್ಲ, ಸೀಳುತ್ತದೆ. ಆದಕಾರಣ ಬಿಸಿಗಾಳಿಯಿಂದ ಅಂಚನ್ನು ಹದವಾಗಿ ಕಾಯಿಸಿ, ಒಂದು ಸಲಕ್ಕೆ ಸ್ವಲ್ಪ ಸ್ವಲ್ಪವೇ ಒತ್ತುತ್ತ ಬರಬೇಕು. ಹೆಚ್ಚು ಕಾಯಿಸಿದರೆ ಬಣ್ಣ ಗುಳ್ಳೆಯೇಳುತ್ತದೆ. ಅವಸರಪಟ್ಟರೆ ಹೊರಮೈ ಅಲೆಯಲೆಯಾಗಿ ನಿಂತುಬಿಡುತ್ತದೆ. ಪಿ.ಬಿ. ರಸ್ತೆಯ ಗ್ಯಾರೇಜೊಂದರಲ್ಲಿ ತಲೆ ನರೆತ ಟಿಂಕರಿಂಗ್ ಮೇಸ್ತ್ರಿಯೊಬ್ಬರು ಹುಡುಗನೊಬ್ಬನಿಗೆ ಹೇಳುತ್ತಿದ್ದುದನ್ನು ಕೇಳಿದ್ದೇನೆ: “ತಮ್ಮಾ, ಬಗ್ಗಿಸೋದು ಒಂದು ತಾಸಿನ ಕೆಲಸ. ಬಣ್ಣ ಸೀಳದಂಗೆ ಬಗ್ಗಿಸೋಕೆ ಅರ್ಧ ದಿನ ಬೇಕು ನೋಡು.” ಲೋಹದ ಹದ ಬಲ್ಲ ಕೈಗಳಿಗೆ ಈ ಸೀಮೆಯಲ್ಲಿ ಎಂದೂ ಬರವಿರಲಿಲ್ಲ. ನೆರೆಯ ಹರಿಹರದಲ್ಲಿ ೧೯೪೧ರಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇಥುಗಳು ದೇಶದಲ್ಲೆಲ್ಲ ಹೆಸರಾಗಿದ್ದವು. ಕಾರ್ಖಾನೆ ಇಂದು ಮುಚ್ಚಿಹೋಗಿದೆ.

ಮುಂಗಾಲಿಯ ಮಡ್‌ಗಾರ್ಡು ಸಾಮಾನ್ಯವಾಗಿ ಬೋಲ್ಟಿನಿಂದ ಜೋಡಿಸಿದ್ದು. ಕೆಟ್ಟರೆ ಬೇರೆ ತರಬಹುದು. ಹಿಂಗಾಲಿಯದು ಹಾಗಲ್ಲ. ಅದು ಕಾರಿನ ಮೈಯ ಭಾಗವೇ. ಅಲ್ಲಿ ಹೊರ ತಗಡು ಒಳ ತಗಡು ಎರಡನ್ನೂ ಅಂಚಿನಲ್ಲಿ ಚುಕ್ಕೆಚುಕ್ಕೆಯಾಗಿ ಬೆಸೆದು, ಸಂದಿಗೆ ಅಂಟು ತುಂಬಿರುತ್ತಾರೆ. ಅಂಚನ್ನು ಕತ್ತರಿಸಿದರೆ ಬೆಸುಗೆಯೇ ಹೋಯಿತು. ಮಡಿಚಿದರೂ ಅಂಟು ಬಿರಿದು ನೀರಿಗೆ ದಾರಿಯಾಗುತ್ತದೆ. ಇನ್ನೊಂದು ಮಾತನ್ನು ತಂದೆತಾಯಿಗಳು ಅವಶ್ಯವಾಗಿ ಗಮನಿಸಬೇಕು: ಪೆಟ್ರೋಲು ತುಂಬುವ ಕೊಳವೆ ಹಾದುಹೋಗುವುದು ಒಂದು ಪಕ್ಕದ ಹಿಂಗಾಲಿಯ ಮಡ್‌ಗಾರ್ಡಿನ ಬಳಿಯಲ್ಲೇ. ಅಲ್ಲಿ ಕಿಡಿ ಹಾರಿಸುವ ಗ್ರೈಂಡರನ್ನು ಅಂಗಳದಲ್ಲಿ ಹಿಡಿಯುವುದು ಸಾಹಸವಲ್ಲ, ಹುಚ್ಚು.

ಕೆಲಸವಾದ ಮೇಲೆ ನಮ್ಮ ಹುಡುಗರು ಖಾಲಿ ಕಾರಿನಲ್ಲಿ ಬೀದಿ ಸುತ್ತಿ, “ತಗಲುವುದಿಲ್ಲ” ಎಂದು ಬೀಗುತ್ತಾರೆ. ಖಾಲಿ ಕಾರಿನ ಸಾಕ್ಷ್ಯ ನಡೆಯುವುದಿಲ್ಲ. ಅಂಚಿಗೆ ಸೀಮೆಸುಣ್ಣ ಬಳಿದು, ಹಿಂದೆ ಮೂವರನ್ನು ಕೂರಿಸಿ, ಸ್ಟೀರಿಂಗನ್ನು ಕೊನೆಯವರೆಗೆ ತಿರುಗಿಸಿ, ನಿಧಾನವಾಗಿ ರಸ್ತೆಯುಬ್ಬು ದಾಟಿಸಬೇಕು. ಟೈರಿನ ಮೇಲೆ ಬಿಳಿಯ ಗೀರು ಕಂಡಿತೋ, ತಗಡು ಅಲ್ಲಿ ಕೊಯ್ಯುತ್ತಿದೆಯೆಂದೇ ಅರ್ಥ. ಆ ಕೊಯ್ತ ಊರೊಳಗೆ ಬರಿಯ ಸದ್ದು. ಮನೆಮಂದಿಯೆಲ್ಲ ಕುಳಿತು ಹೆದ್ದಾರಿಯಲ್ಲಿ ಬೆಂಗಳೂರಿಗೆ ಧಾವಿಸುವಾಗ ಟೈರು ಒಡೆದರೆ ಜೀವಕ್ಕೇ ಎರವು.

ಕಾನೂನೂ ಮೌನವಾಗಿಲ್ಲ. ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲದಲ್ಲಿ ನಮೂದಿಸಿದ್ದಕ್ಕೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಕೂಡದು. ಕೇರಳದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯ ೨೦೧೯ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯು ಅನುಮತಿಯಿಲ್ಲದ ಮಾರ್ಪಾಟಿಗೆ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೆ ಒಂದೊಂದು ಮಾರ್ಪಾಟಿಗೂ ೫೦೦೦ ರೂಪಾಯಿ ದಂಡ, ಇಲ್ಲವೆ ಎರಡನ್ನೂ ವಿಧಿಸಿದೆ. ದಂಡದ ರಸೀತಿ ಬರುವುದು ಮಗನ ಹೆಸರಿಗಲ್ಲ, ಮಾಲೀಕನಾದ ತಂದೆಯ ಹೆಸರಿಗೆ!

ಈಗಾಗಲೇ ಅಂಚು ಮಡಿಚಿಯಾಗಿದ್ದರೆ, ಮಳೆಗಾಲಕ್ಕೆ ಮುಂಚೆ ಒಂದು ಸಂಜೆಯನ್ನು ಅದಕ್ಕೆ ಮೀಸಲಿಡಿ. ಗಾಲಿ ಕಳಚಿ, ಮಡಿಕೆಯ ಕೆಸರನ್ನು ಪೂರ್ತಿ ತೊಳೆದು ಒಣಗಿಸಿ, ಬಿರುಕು ಕಂಡಲ್ಲಿ ತುಕ್ಕುನಿರೋಧಕ ಬಣ್ಣ ಹಚ್ಚಿ, ಸಂದಿಗೆ ಹೊಸ ಅಂಟು ತುಂಬಿಸಿ. ಹಿಂಗಾಲಿಗಳಿಂದಲೇ ಆರಂಭಿಸಿ, ತುಕ್ಕು ಮೊದಲು ಮನೆ ಮಾಡುವುದು ಅಲ್ಲಿ.