ಜೌಗು ಪ್ರದೇಶ: ನಂಬಿಕೆ ಯಾವುದು, ನಿಜ ಯಾವುದು

ಕನ್ನಡದಲ್ಲಿ ‘ಜೌಗು’ ಎಂಬ ಮಾತಿಗೆ ಒಳ್ಳೆಯ ಹೆಸರಿಲ್ಲ. ಹೊಲ ಜೌಗು ಹಿಡಿಯಿತು ಎಂದರೆ ಬೆಳೆ ಕೈಬಿಟ್ಟಿತೆಂದೇ ಅರ್ಥ. ನಿವೇಶನ ಜೌಗಿನದು ಎಂದರೆ ಕೊಳ್ಳಲು ಬಂದವರು ಹಿಂದಿರುಗುತ್ತಾರೆ. ‘ವೆಟ್‌ಲ್ಯಾಂಡ್’ಗೂ ಇದೇ ಪದ ಬಳಕೆಗೆ ಬಂದುಬಿಟ್ಟಿರುವುದರಿಂದ ಜೌಗು ಪ್ರದೇಶ ಎಂದೊಡನೆ ಕೆಸರು, ಜೊಂಡು, ಸೊಳ್ಳೆ, ನಾತ ಇವಿಷ್ಟೇ ಕಣ್ಮುಂದೆ ಬರುತ್ತವೆ. ಅರ್ಧ ತಪ್ಪು ಕಲ್ಪನೆ ಹುಟ್ಟುವುದು ಈ ಪದದಿಂದಲೇ.

ಇರಾನಿನಲ್ಲಿ ಕ್ಯಾಸ್ಪಿಯನ್ ಸಮುದ್ರದ ದಡದಲ್ಲಿರುವ ರಾಮ್ಸರ್ ಪಟ್ಟಣದಲ್ಲಿ 1971ರ ಫೆಬ್ರುವರಿ 2ರಂದು ಸಹಿಯಾದ ಒಪ್ಪಂದ ಕೊಡುವ ಅರ್ಥ ಇದಕ್ಕಿಂತ ತುಂಬ ಅಗಲ. ತಾನಾಗಿ ಆದದ್ದಿರಲಿ, ಮನುಷ್ಯ ಕಟ್ಟಿದ್ದಿರಲಿ. ವರ್ಷವಿಡೀ ನೀರಿರಲಿ, ನಾಲ್ಕು ತಿಂಗಳಿಗೆ ಬತ್ತಲಿ. ನಿಂತ ನೀರಿರಲಿ, ಹರಿಯುವುದಿರಲಿ. ಸಿಹಿಯಿರಲಿ, ಉಪ್ಪಿರಲಿ, ಎಲ್ಲವೂ ಅದರೊಳಗೆ ಸೇರುತ್ತದೆ. ಇಳಿತದ ಹೊತ್ತಿನಲ್ಲಿ 6 ಮೀಟರ್‌ಗಿಂತ ಆಳವಿಲ್ಲದ ಕಡಲಂಚೂ ಸೇರುತ್ತದೆ. ಹಾಗಾಗಿ ಊರ ಮುಂದಿನ ಕೆರೆ, ಕುಂಟೆ, ಭತ್ತದ ಗದ್ದೆ, ನದಿಯ ಅಳಿವೆ, ಕರಾವಳಿಯ ಕಾಂಡ್ಲಾ ಕಾಡು, ಉತ್ತರ ಕನ್ನಡದ ಮಳೆಕಾಡಿನೊಳಗಿನ ರಾಂಪತ್ರೆ ಜಡ್ಡಿ ಇವೆಲ್ಲವೂ ಜೌಗು ಪ್ರದೇಶಗಳೇ.

“ಏನೂ ಬೆಳೆಯದ ಪಾಳು ಜಾಗ”

ಈ ನಂಬಿಕೆಗೆ ಉತ್ತರ ಬೇಕಿದ್ದರೆ ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳನ್ನು ನೋಡಬೇಕು. ಗಜನಿ ಎಂದರೆ ಕಡಲ ಉಬ್ಬರದ ನೀರು ಬಂದುಹೋಗುವ ತಗ್ಗು ನೆಲ. ಮಳೆಗಾಲದಲ್ಲಿ ನದಿಯ ಸಿಹಿನೀರು ನೆಲದ ಉಪ್ಪನ್ನು ತೊಳೆದ ಮೇಲೆ ಅಲ್ಲಿ ಕಗ್ಗ ಭತ್ತ ಬೀಳುತ್ತದೆ. ಕಗ್ಗ ಎತ್ತರಕ್ಕೆ ಬೆಳೆಯುವ, ಉಪ್ಪನ್ನೂ ನೆರೆಯನ್ನೂ ತಾಳಿಕೊಳ್ಳುವ ತಳಿ. ಗೊಬ್ಬರ, ಔಷಧಿ ಯಾವುದನ್ನೂ ಬೇಡುವುದಿಲ್ಲ. ಕಟಾವಿನಲ್ಲಿ ತೆನೆಯನ್ನಷ್ಟೇ ಕೊಯ್ದು ಹುಲ್ಲನ್ನು ಗದ್ದೆಯಲ್ಲೇ ಬಿಡುತ್ತಾರೆ. ಆಮೇಲೆ ಕಟ್ಟೆಯ ಹಲಗೆ ಬಾಗಿಲು ಎತ್ತಿದರೆ ಉಬ್ಬರದ ಜೊತೆ ಸಿಗಡಿಮರಿ, ಮೀನುಮರಿ ಒಳಗೆ ಬರುತ್ತವೆ. ಕೊಳೆಯುತ್ತಿರುವ ಹುಲ್ಲೇ ಅವುಗಳ ಆಹಾರದ ಮೂಲ. ಒಂದೇ ನೆಲ ಮಳೆಗಾಲದಲ್ಲಿ ಅನ್ನ ಕೊಟ್ಟು, ಬೇಸಿಗೆಯಲ್ಲಿ ಮೀನು ಕೊಡುತ್ತದೆ. ಇನ್ನು ಇಳಿತ ಬಿದ್ದಾಗ ಬಯಲಾಗುವ ಮರಳುದಿಬ್ಬಗಳಲ್ಲಿ ಹೆಂಗಸರೂ ಗಂಡಸರೂ ಚಿಪ್ಪಿಕಲ್ಲು ಆಯುತ್ತಾರೆ. ಇದಕ್ಕೆ ಬೀಜ, ಬಿತ್ತನೆ, ಬಂಡವಾಳ ಯಾವುದರ ಖರ್ಚೂ ಇಲ್ಲ. ದುಡಿಮೆ ಮಾತ್ರ ಬೇಕು.

ಇದೇ ಗಜನಿಗಳಿಗೆ ‘ಅಭಿವೃದ್ಧಿ’ಯೂ ಬಂದಿತು. ಊರವರೇ ವರ್ಷವರ್ಷ ಮೆತ್ತುತ್ತಿದ್ದ ಮಣ್ಣಿನ ಕಟ್ಟೆಗಳ ಜಾಗದಲ್ಲಿ ಖಾರ್‌ಲ್ಯಾಂಡ್ ಯೋಜನೆಯಡಿ ಶಾಶ್ವತ ಕಟ್ಟೆಗಳು ಎದ್ದವು. ಉಪ್ಪುನೀರಿನಿಂದ ಭತ್ತವನ್ನು ಕಾಯುವುದು ಅವುಗಳ ಉದ್ದೇಶ. ಆದರೆ ಉಬ್ಬರದ ಓಡಾಟ ಕಡಿದಲ್ಲಿ ಕಾಂಡ್ಲಾ ಗಿಡಗಳು ಸೊರಗಿದವು. ಮುಂದೆ ಎಷ್ಟೋ ಗಜನಿಗಳು ಭತ್ತ ಬಿಟ್ಟು ಸಿಗಡಿ ಕೆರೆಗಳಾದವು. ಕೇಡು ಬಯಸಿ ಮಾಡಿದ ಕೆಲಸವಲ್ಲ ಅದು. ನೀರು ಬಂದುಹೋಗುವುದೇ ಆ ನೆಲದ ಕಸುಬು ಎಂಬುದು ಲೆಕ್ಕಕ್ಕೆ ಬರಲಿಲ್ಲ, ಅಷ್ಟೆ.

“ಕೆರೆ ಮುಚ್ಚಿದರೆ ಊರಿಗೆ ಜಾಗ ಸಿಗುತ್ತದೆ”

ಜಾಗವೇನೋ ಸಿಗುತ್ತದೆ. ಬೆಂಗಳೂರಿನ ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಕೆಂಪೇಗೌಡ ಬಸ್ ನಿಲ್ದಾಣವಿದೆ, ಸಂಪಂಗಿ ಕೆರೆಯಲ್ಲಿ ಕಂಠೀರವ ಕ್ರೀಡಾಂಗಣವಿದೆ. ಆದರೆ ಕೆರೆ ಹೋದರೂ ಇಳಿಜಾರು ಹೋಗುವುದಿಲ್ಲ. ಮೇಲಿನ ಕೆರೆಯ ಕೋಡಿ ಬಿದ್ದ ನೀರು ರಾಜಕಾಲುವೆ ಹಿಡಿದು ಕೆಳಗಿನ ಕೆರೆಗೆ ಇಳಿಯುವಂತೆ ಹಳೆಯವರು ಸರಪಳಿ ಜೋಡಿಸಿದ್ದರು. ನಡುವಿನ ಕೊಂಡಿ ಕಳಚಿದರೂ ನೀರು ಹಳೆಯ ದಾರಿಯಲ್ಲೇ ಬರುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆಯ ಸುತ್ತಿನ ಬಡಾವಣೆಗಳಲ್ಲಿ ದೋಣಿ, ಟ್ರ್ಯಾಕ್ಟರ್ ಓಡಾಡಿದ್ದಕ್ಕೆ ಮಳೆಯೊಂದನ್ನೇ ದೂರಿದರೆ ಅರ್ಧ ಸತ್ಯ ಹೇಳಿದಂತಾಗುತ್ತದೆ.

“ಮನುಷ್ಯ ಕಟ್ಟಿದ ಕೆರೆಯಲ್ಲಿ ಕಾಪಾಡುವಂಥದ್ದೇನಿದೆ?”

ಕರ್ನಾಟಕದಿಂದ ರಾಮ್ಸರ್ ಪಟ್ಟಿ ಸೇರಿರುವ ತಾಣಗಳು ರಂಗನತಿಟ್ಟು, ಅಂಕಸಮುದ್ರ, ಮಾಗಡಿ ಕೆರೆ ಮತ್ತು ಅಘನಾಶಿನಿ ಅಳಿವೆ. ರಂಗನತಿಟ್ಟು 2022ರಲ್ಲಿ ಸೇರಿತು, ಉಳಿದ ಮೂರರ ಹೆಸರು 2024ರ ಜನವರಿಯಲ್ಲಿ ಪ್ರಕಟವಾಯಿತು. ಇವುಗಳಲ್ಲಿ ಮನುಷ್ಯನ ಕೈ ಇಲ್ಲದೆ ಆದದ್ದು ಅಳಿವೆಯೊಂದೇ. ರಂಗನತಿಟ್ಟಿನ ನಡುಗಡ್ಡೆಗಳು 17ನೆಯ ಶತಮಾನದಲ್ಲಿ ಕಾವೇರಿಗೆ ಅಡ್ಡ ಕಟ್ಟಿದ ಕಟ್ಟೆಯಿಂದ ಆದವು. ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಂತೆ ಮೈಸೂರು ಸಂಸ್ಥಾನ 1940ರಲ್ಲಿ ಅದನ್ನು ಪಕ್ಷಿಧಾಮವೆಂದು ಘೋಷಿಸಿತು. ವಿಜಯನಗರ ಜಿಲ್ಲೆಯ ಅಂಕಸಮುದ್ರ ಗದ್ದೆಗೆ ನೀರುಣಿಸಲು ಕಟ್ಟಿದ ಕೆರೆ. ಅದರ ಅಂಗಳದ ಕರಿಜಾಲಿ ಮರಗಳಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಹಕ್ಕಿ ನೋಡುವುದು ನೀರು, ಆಹಾರ, ಗೂಡಿಗೊಂದು ಮರ. ಕೆರೆ ಕಟ್ಟಿಸಿದವರು ಯಾರೆಂದು ಅದು ಕೇಳುವುದಿಲ್ಲ.

“ಬತ್ತಿದ ಕೆರೆ ಸತ್ತಂತೆ, ಆಳ ತೋಡಿದಷ್ಟೂ ಒಳ್ಳೆಯದು”

ಒಳ್ಳೆಯ ಮನಸ್ಸಿನವರೇ ಹೆಚ್ಚಾಗಿ ನಂಬುವ ತಪ್ಪು ಇದು, ಆದ್ದರಿಂದಲೇ ಇದರ ಹಾನಿಯೂ ದೊಡ್ಡದು. ಬಯಲುಸೀಮೆಯ ಕೆರೆ ಬೇಸಿಗೆಯಲ್ಲಿ ಬತ್ತುವುದು ರೋಗವಲ್ಲ, ಅದರ ಋತುಚಕ್ರ. ನೀರು ಹಿಂದೆ ಸರಿದಂತೆ ಬಯಲಾದ ಅಂಗಳದಲ್ಲಿ ಹುಲ್ಲು ಚಿಗುರುತ್ತದೆ, ದನಕುರಿ ಮೇಯುತ್ತವೆ, ಅವುಗಳ ಗೊಬ್ಬರ ಬೀಳುತ್ತದೆ. ಕರಿಜಾಲಿಯ ಬೀಜ ಮೊಳೆಯುವುದಕ್ಕೂ ನೀರಿಲ್ಲದ ಅವಧಿ ಬೇಕು. ಒಣಗಿದ ಕೆಸರಿನಲ್ಲಿ ಸಣ್ಣ ಜೀವಿಗಳ ಮೊಟ್ಟೆಗಳು ಮುಂದಿನ ಮಳೆಗೆ ಕಾದಿರುತ್ತವೆ. ಮಳೆ ಬಿದ್ದ ವಾರದೊಳಗೆ ಕೆರೆಯಲ್ಲಿ ಜೀವ ಮಿಸುಕಾಡುವುದು ಎಲ್ಲಿಂದಲೋ ಹಾರಿಬಂದದ್ದರಿಂದಲ್ಲ.

ಆಳದ ವಿಷಯಕ್ಕೆ ಬಣ್ಣದ ಕೊಕ್ಕರೆ ಬೇಟೆಯಾಡುವ ರೀತಿಯನ್ನು ಗಮನಿಸಿದರೆ ಸಾಕು. ಅದು ಈಜುವುದಿಲ್ಲ, ಧುಮುಕುವುದಿಲ್ಲ. ಕಾಲು ಮುಳುಗುವಷ್ಟು ನೀರಿನಲ್ಲಿ ನಿಂತು, ಅರೆ ತೆರೆದ ಉದ್ದ ಕೊಕ್ಕನ್ನು ನೀರೊಳಗಿಟ್ಟು ಅತ್ತಿತ್ತ ಆಡಿಸುತ್ತದೆ. ಮೀನು ತಾಗಿದ ಕ್ಷಣ ಕೊಕ್ಕು ಮುಚ್ಚಿಕೊಳ್ಳುತ್ತದೆ. ಕಣ್ಣಿಗಿಂತ ಸ್ಪರ್ಶವೇ ಅದರ ಬೇಟೆಗೆ ಆಧಾರ. ಅಂಥ ಕೆರೆಗೆ ಜೆಸಿಬಿ ಇಳಿಸಿ, ಸುತ್ತಲೂ ಕಡಿದಾದ ದಡ ಮಾಡಿ, ಕಲ್ಲು ಹೊದಿಸಿ, ಮೇಲೊಂದು ನಡಿಗೆ ಪಥ ಹಾಕಿದರೆ ನೀರು ತುಂಬಿದ ಬೋಗುಣಿ ಸಿಗುತ್ತದೆ. ಕೊಕ್ಕರೆಗೆ, ಉಲ್ಲಂಕಿಗೆ, ಮೊಟ್ಟೆಯಿಡುವ ಮೀನಿಗೆ ನಿಲ್ಲುವ ಎಡೆಯಿಲ್ಲ. ಹೂಳು ತೆಗೆಯಬಾರದೆಂದಲ್ಲ. ರೈತರು ಬೇಸಿಗೆಯಲ್ಲಿ ಗೋಡುಮಣ್ಣನ್ನು ಗಾಡಿಯಲ್ಲಿ ಹೊಲಕ್ಕೆ ಹೊಡೆಯುತ್ತಿದ್ದುದೂ ಹೂಳೆತ್ತುವ ಕೆಲಸವೇ. ಅದು ಸ್ವಲ್ಪ ಸ್ವಲ್ಪವಾಗಿ, ವರ್ಷವರ್ಷವೂ ನಡೆಯುತ್ತಿತ್ತು, ಅಂಚಿನ ಇಳಿಜಾರು ಉಳಿಯುತ್ತಿತ್ತು.

ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳದ್ದು ಇನ್ನೊಂದು ಬಗೆ. ಅವು ಹಗಲು ಕೆರೆಯಲ್ಲಿ ವಿಶ್ರಮಿಸಿ, ಕತ್ತಲಾದ ಮೇಲೆ ಸುತ್ತಲ ಹೊಲಗಳಿಗೆ ಮೇಯಲು ಹೋಗುತ್ತವೆ. ಅಂದರೆ ಅವುಗಳ ಪಾಲಿನ ಕೆರೆ ಏರಿಯ ಬಳಿಗೆ ಮುಗಿಯುವುದಿಲ್ಲ. ಹೊಲಗಳೂ ಅದರ ಭಾಗವೇ.

“ಎಂಥ ಕೊಳೆಯನ್ನೂ ತೊಳೆಯುತ್ತದೆ”

ಜೌಗು ಪ್ರದೇಶವನ್ನು ಭೂಮಿಯ ಮೂತ್ರಪಿಂಡ ಎನ್ನುವುದುಂಟು. ಹೋಲಿಕೆ ಸರಿ, ಆದರೆ ಮೂತ್ರಪಿಂಡವೂ ಕೆಡುತ್ತದೆ. ಜೊಂಡಿನ ಬೇರು, ಅಲ್ಲಿನ ಸೂಕ್ಷ್ಮಾಣುಗಳು, ಕೆಸರಿನ ಕಣ ಇವೆಲ್ಲ ಸೇರಿ ಸಾರಜನಕ ಮತ್ತು ರಂಜಕವನ್ನು ಒಂದು ಮಿತಿಯವರೆಗೆ ಹಿಡಿದಿಡುತ್ತವೆ. ಮಿತಿ ಮೀರಿದರೆ ಏನಾಗುತ್ತದೆಂದು ಬೆಂಗಳೂರಿನ ಬೆಳ್ಳಂದೂರು ಕೆರೆ ತೋರಿಸಿದೆ. ಚರಂಡಿ ನೀರಿನೊಡನೆ ಬಂದ ಸಾಬೂನಿನ ಅಂಶ ಕೋಡಿಯಲ್ಲಿ ಧುಮುಕುವಾಗ ನೊರೆಯಾಗಿ ರಸ್ತೆಗೆ ಹಾರಿತು. 2017ರಲ್ಲೂ 2018ರಲ್ಲೂ ಕೆರೆಯಲ್ಲಿ ಬೆಂಕಿ ಕಾಣಿಸಿಕೊಂಡಿತು.

ಹಾಗೆಂದು ಕೊಳೆ ನೀರಿಗೂ ಕೆರೆಗೂ ಸಂಬಂಧವೇ ಕೂಡದು ಎನ್ನುವುದೂ ನಿಜವಲ್ಲ. 2002ರಲ್ಲಿ ರಾಮ್ಸರ್ ಪಟ್ಟಿ ಸೇರಿದ, ಸುಮಾರು 12,500 ಹೆಕ್ಟೇರ್ ವಿಸ್ತಾರದ ಪೂರ್ವ ಕೋಲ್ಕತ್ತ ಜೌಗು ಪ್ರದೇಶದಲ್ಲಿ ನಗರದ ಚರಂಡಿ ನೀರನ್ನು ಆಳವಿಲ್ಲದ ‘ಭೇರಿ’ ಎಂಬ ಹೊಂಡಗಳಿಗೆ ಹಂತಹಂತವಾಗಿ ಬಿಟ್ಟು ಮೀನು ಸಾಕುತ್ತಾರೆ. ಬಿಸಿಲು ತಳದವರೆಗೂ ಇಳಿಯುವುದರಿಂದ ಪಾಚಿ ಬೆಳೆದು ಆಮ್ಲಜನಕ ಕೊಡುತ್ತದೆ, ಮೀನು ಪಾಚಿಯನ್ನು ತಿನ್ನುತ್ತದೆ. ಇದನ್ನು ಜಗತ್ತಿಗೆ ವಿವರಿಸಿದವರು ಧ್ರುವಜ್ಯೋತಿ ಘೋಷ್ ಎಂಬ ಎಂಜಿನಿಯರ್. ನಡೆಸಿಕೊಂಡು ಬಂದವರು ಅಲ್ಲಿನ ಮೀನುಗಾರರು. ಎಷ್ಟು ನೀರು, ಯಾವಾಗ, ಎಷ್ಟು ದಿನ ಎಂಬ ಲೆಕ್ಕ ಅವರ ಕೈಯಲ್ಲಿದೆ. ಬೆಳ್ಳಂದೂರಿಗೆ ಅಂಥ ಲೆಕ್ಕವೇ ಇರಲಿಲ್ಲ. ಬೆಂಗಳೂರಿನ ಸಂಸ್ಕರಿತ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹರಿಯುತ್ತಿರುವ ಬಗೆಗಿನ ವಾದವೂ ಇದೇ ಲೆಕ್ಕದ್ದು: ಎರಡನೆಯ ಹಂತದ ಶುದ್ಧೀಕರಣ ಸಾಕೋ, ಮೂರನೆಯದೂ ಬೇಕೋ.

ಇದಕ್ಕೆ ಅಂಟಿಕೊಂಡ ಇನ್ನೊಂದು ತಪ್ಪೆಂದರೆ ಕೆರೆ ಹಸಿರಾಗಿದ್ದರೆ ಆರೋಗ್ಯವಾಗಿದೆ ಎಂದುಕೊಳ್ಳುವುದು. ನೇರಳೆ ಹೂವಿನ ಅಂತರಗಂಗೆ ಹಾಸು ಹಾಸಿದರೆ ಅದು ಚರಂಡಿಯ ಗುರುತು. ದಕ್ಷಿಣ ಅಮೆರಿಕದಿಂದ ಬಂದ ಈ ಕಳೆ ಅನುಕೂಲ ಸಿಕ್ಕರೆ ಎರಡು ವಾರದೊಳಗೆ ಇಮ್ಮಡಿಯಾಗಿ ನೀರಿಗೆ ಬೆಳಕು, ಗಾಳಿ ಎರಡನ್ನೂ ತಪ್ಪಿಸುತ್ತದೆ. ಚರಂಡಿಯನ್ನು ಹಾಗೇ ಬಿಟ್ಟು ಕಳೆಯನ್ನಷ್ಟೇ ಕೀಳಿಸಿದರೆ ಗುತ್ತಿಗೆದಾರನಿಗೆ ವರ್ಷವೂ ಕೆಲಸವಿರುತ್ತದೆ.

“ಸೊಳ್ಳೆಯ ತವರು”

ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಡುವುದು ಕೆರೆಯಲ್ಲಲ್ಲ; ಮನೆಯ ತೊಟ್ಟಿ, ಡ್ರಮ್ಮು, ಹೂಕುಂಡದ ತಟ್ಟೆ, ಬಿಸಾಡಿದ ಟೈರಿನಲ್ಲಿ ನಿಂತ ನೀರಿನಲ್ಲಿ. ಆನೆಕಾಲು ರೋಗದ ಕ್ಯೂಲೆಕ್ಸ್ ಸೊಳ್ಳೆಗೆ ಕೊಳೆತ ಚರಂಡಿ ನೀರು ಇಷ್ಟ. ಮೀನು, ಕಪ್ಪೆ, ಏರೋಪ್ಲೇನ್ ಚಿಟ್ಟೆಯ ಮರಿ ಇರುವ ಕೆರೆಯಲ್ಲಿ ಸೊಳ್ಳೆಮರಿ ಬಹಳ ದಿನ ಬದುಕುವುದಿಲ್ಲ. ಕೆಟ್ಟ ಕೆರೆ ಸೊಳ್ಳೆ ಸಾಕುತ್ತದೆ ಎನ್ನುವುದು ಮಾತ್ರ ನಿಜ.

“ಬೇಲಿ ಹಾಕಿ ಜನರನ್ನು ಹೊರಗಿಟ್ಟರೆ ಉಳಿಯುತ್ತದೆ”

ರಾಜಸ್ಥಾನದ ಭರತ್‌ಪುರದ ಕೇವಲಾದೇವ್ ಉದ್ಯಾನದಲ್ಲಿ 1982ರಲ್ಲಿ ಎಮ್ಮೆ ಮೇಯಿಸುವುದನ್ನು ನಿಲ್ಲಿಸಲಾಯಿತು. ನಿಷೇಧ ಬೇಕೆಂದು ಸಲಹೆ ಕೊಟ್ಟವರಲ್ಲಿ ಪಕ್ಷಿತಜ್ಞರೂ ಇದ್ದರು. ಪ್ರತಿಭಟನೆಗಿಳಿದ ಹಳ್ಳಿಗರ ಮೇಲೆ ಗೋಲಿಬಾರ್ ನಡೆದು ಜೀವಗಳು ಹೋದವು. ಎಮ್ಮೆಗಳು ಹೋದ ಮೇಲೆ ಹಕ್ಕಿಗಳು ಹೆಚ್ಚಲಿಲ್ಲ; ಮೇಯುವವರಿಲ್ಲದ ನೀರುಹುಲ್ಲು ಕೊಳಗಳನ್ನು ಕವಿದು, ತೆರೆದ ನೀರೇ ಕಡಿಮೆಯಾಯಿತು. ಎಮ್ಮೆ ಅಲ್ಲಿ ಕಳೆ ಕೀಳುವ ಕೆಲಸ ಮಾಡುತ್ತಿತ್ತೆಂದು ದೀರ್ಘ ಅಧ್ಯಯನದ ನಂತರ ತಿಳಿಯಿತು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಬಣ್ಣದ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ ಗೂಡು ಕಟ್ಟುವುದು ಊರ ನಡುವಿನ ಹುಣಸೆ ಮರಗಳಲ್ಲಿ. ಮರದಡಿ ಬೀಳುವ ಹಿಕ್ಕೆ ಗದ್ದೆಗೆ ಗೊಬ್ಬರ. ಅಲ್ಲಿ ಬೇಲಿ ಹಾಕುವುದಾದರೆ ಊರನ್ನೇ ಹೊರಗಿಡಬೇಕು.

ಸುಸ್ಥಿರ ಅಭಿವೃದ್ಧಿ ಎಂಬ ಮಾತನ್ನು 1987ರಲ್ಲಿ ಬ್ರುಂಟ್‌ಲಾಂಡ್ ವರದಿ ಮನೆಮಾತಾಗಿಸಿತು. ಅದಕ್ಕೆ 16 ವರ್ಷ ಮೊದಲೇ ರಾಮ್ಸರ್ ಒಪ್ಪಂದ ಜೌಗು ಪ್ರದೇಶಗಳ ‘ವಿವೇಕದ ಬಳಕೆ’ ಎಂದು ಬರೆದಿತ್ತು. ಬಳಸಬೇಡಿ ಎಂದು ಅದರಲ್ಲಿ ಎಲ್ಲೂ ಇಲ್ಲ.

“ರಾಮ್ಸರ್ ಪಟ್ಟ ಸಿಕ್ಕಿತು, ಇನ್ನು ಭಯವಿಲ್ಲ”

ರಾಮ್ಸರ್ ಒಪ್ಪಂದಕ್ಕೆ ದಂಡ ಹಾಕುವ, ಒತ್ತುವರಿ ತೆರವು ಮಾಡಿಸುವ ಅಧಿಕಾರವಿಲ್ಲ. ಅದೆಲ್ಲ ಆಯಾ ದೇಶದ ಕಾನೂನಿನ ಕೆಲಸ. ಭಾರತ 1982ರಲ್ಲಿ ಒಪ್ಪಂದ ಸೇರಿತು. ಈಗ ಜಾರಿಯಲ್ಲಿರುವುದು 2017ರ ಜೌಗು ಪ್ರದೇಶ ಸಂರಕ್ಷಣೆ ಮತ್ತು ನಿರ್ವಹಣಾ ನಿಯಮಗಳು. ಒತ್ತುವರಿ, ಕಸ ಸುರಿಯುವುದು, ಸಂಸ್ಕರಿಸದ ಕೊಳೆ ನೀರು ಬಿಡುವುದು ಇವನ್ನೆಲ್ಲ ಅವು ನಿಷೇಧಿಸುತ್ತವೆ. ಆದರೆ ಜೌಗು ಪ್ರದೇಶದ ವ್ಯಾಖ್ಯೆಯಿಂದಲೇ ನದೀಪಾತ್ರ, ಭತ್ತದ ಗದ್ದೆ, ಕುಡಿಯುವ ನೀರಿಗೂ ನೀರಾವರಿಗೂ ಎಂದೇ ಕಟ್ಟಿದ ಜಲಾಶಯಗಳನ್ನು ಹೊರಗಿಟ್ಟಿವೆ. ಅಂಕಸಮುದ್ರಕ್ಕೆ ರಾಮ್ಸರ್ ಪಟ್ಟಿಯ ಆಸರೆಯಾದರೂ ಇದೆ. ಪಕ್ಕದ ಊರಿನ ಅಂಥದೇ ನೀರಾವರಿ ಕೆರೆಗೆ ಆ ವ್ಯಾಖ್ಯೆಯಲ್ಲಿ ಜಾಗವಿಲ್ಲ. ಉಪಗ್ರಹ ನಕ್ಷೆಯಲ್ಲಿ ಗುರುತಿಸಿರುವ 2.25 ಹೆಕ್ಟೇರ್ ಮೀರಿದ 2,01,503 ಜೌಗು ಪ್ರದೇಶಗಳನ್ನು ಕಾಪಾಡಬೇಕೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಆದೇಶಿಸಿದೆ. ಅದಕ್ಕಿಂತ ಸಣ್ಣ ಕುಂಟೆ, ಕಟ್ಟೆಗಳು ಆ ಎಣಿಕೆಯಲ್ಲಿಲ್ಲ.

ಕರ್ನಾಟಕದ ಬಹುಪಾಲು ಕೆರೆಗಳ ಪಾಲಿಗೆ ಉಳಿಯುವ ಗಟ್ಟಿ ದಾಖಲೆ ಎಂದರೆ ಗ್ರಾಮನಕ್ಷೆ. ಕೆರೆಯ ಸರ್ವೆ ನಂಬರು, ಗಡಿ, ಅದಕ್ಕೆ ಸೇರುವ ಹಳ್ಳ ಎಲ್ಲವೂ ಅದರಲ್ಲಿವೆ. ಭೂಮಾಪನ ಇಲಾಖೆಯಿಂದ ಅದನ್ನು ಯಾರು ಬೇಕಾದರೂ ಪಡೆಯಬಹುದು.