ಇಲ್ಲದ ಊರಿಗೆ ರೈಲು ಬಂತು: ಪುರಸವಾಕ್ಕಂ ಹುಡುಗನ ಮಾಲ್ಗುಡಿ

ಚೆನ್ನೈ: ಹೋಗದ ಊರಿಗೆ ದಾರಿ ಕೇಳಬಾರದು ಎಂಬುದು ನಮ್ಮ ಹಿರಿಯರ ಮಾತು. ಆದರೆ ಇಲ್ಲದ ಊರಿಗೇ ದಾರಿ ಕೇಳಿಕೊಂಡು ಹೋಗುವವರಿದ್ದಾರೆ, ಹೋಗಿ ಫೋಟೋ ತೆಗೆಸಿಕೊಂಡು ಬರುವವರೂ ಇದ್ದಾರೆ. ಆ ಊರು ಮಾಲ್ಗುಡಿ. ಅದನ್ನು ಕಲ್ಪಿಸಿದವರು ಹುಟ್ಟಿ ಬೆಳೆದದ್ದು ನಮ್ಮ ಇದೇ ಚೆನ್ನೈನಲ್ಲಿ. ಅದಕ್ಕೆ ಮಣ್ಣು, ಮನೆ, ಮಳೆ ಕೊಟ್ಟವರು ಕನ್ನಡಿಗರು. ಎರಡೂ ಕಡೆಯ ಋಣ ಹೊತ್ತಿರುವ ನಮಗೆ ಈ ಕಥೆ ತಿಳಿದಿರಬೇಕು.

ಆರ್.ಕೆ. ನಾರಾಯಣ್ ಹುಟ್ಟಿದ್ದು 1906ರ ಅಕ್ಟೋಬರ್ 10ರಂದು, ಅಂದಿನ ಮದರಾಸಿನಲ್ಲಿ. ತಂದೆಯವರು ಮೈಸೂರು ಸಂಸ್ಥಾನದಲ್ಲಿ ಶಿಕ್ಷಕರು. ಹುಡುಗ ಮಾತ್ರ ಪುರಸವಾಕ್ಕಂನ ವೆಳ್ಳಾಲ ಬೀದಿಯಲ್ಲಿ ಅಜ್ಜಿಯ ಮನೆಯಲ್ಲಿ ಒಂದು ನವಿಲು, ಒಂದು ಕೋತಿಯ ಜೊತೆ ಬೆಳೆದ. ಅಲ್ಲಿಯೇ ಶಾಲೆಗೆ ಹೋದ. ಮುಂದೆ ಮೈಸೂರು ಸೇರಿ ಜೀವನದ ಬಹುಭಾಗವನ್ನು ಅಲ್ಲೇ ಕಳೆದರು.

ವಿಜಯದಶಮಿಯ ನೋಟ್‌ಬುಕ್

1930ರ ವಿಜಯದಶಮಿ. ಬೆಂಗಳೂರಿನಲ್ಲಿ ಅಜ್ಜಿ ನೋಡಿಕೊಟ್ಟ ಶುಭದಿನದಂದು ತರುಣ ನಾರಾಯಣ್ ಒಂದು ನೋಟ್‌ಬುಕ್ ಕೊಂಡು ಬರೆಯಲು ಕುಳಿತರು. ಆಗ ಕಣ್ಣಮುಂದೆ ತೇಲಿ ಬಂದದ್ದು ಒಂದು ಪುಟ್ಟ ರೈಲು ನಿಲ್ದಾಣ, ಅದರ ಜೊತೆಗೇ ಮಾಲ್ಗುಡಿ ಎಂಬ ಹೆಸರು. ಹೀಗೆಂದು ಅವರೇ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ.

ಆ ನೋಟ್‌ಬುಕ್ಕಿನಿಂದ ಹುಟ್ಟಿದ ಕಾದಂಬರಿಯನ್ನು ಪ್ರಕಾಶಕರು ಒಬ್ಬರಾದ ಮೇಲೊಬ್ಬರು ತಿರಸ್ಕರಿಸಿದರು. ಬೇಸತ್ತ ನಾರಾಯಣ್, ಹಸ್ತಪ್ರತಿಗೆ ಕಲ್ಲು ಕಟ್ಟಿ ಥೇಮ್ಸ್ ನದಿಗೆ ಎಸೆದುಬಿಡು ಎಂದು ಇಂಗ್ಲೆಂಡಿನಲ್ಲಿದ್ದ ಗೆಳೆಯ ಪೂರ್ಣರಿಗೆ ಬರೆದರು. ಗೆಳೆಯ ಪುಣ್ಯಾತ್ಮ, ಮಾತು ಕೇಳಲಿಲ್ಲ. ಅದನ್ನು ಲೇಖಕ ಗ್ರಹಾಂ ಗ್ರೀನ್ ಅವರ ಕೈಗಿತ್ತರು. ಗ್ರೀನ್ ಮುತುವರ್ಜಿಯಿಂದ 1935ರಲ್ಲಿ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಪ್ರಕಟವಾಯಿತು. ಆ ಗೆಳೆಯ ಹೇಳಿದಂತೆ ಕೇಳಿದ್ದರೆ ಮಾಲ್ಗುಡಿ ನೀರುಪಾಲಾಗುತ್ತಿತ್ತು.

ನಂತರದ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ನಾರಾಯಣ್ ಅದೇ ಊರಿನ ಕಥೆ ಹೇಳಿದರು. ಸರಯೂ ನದಿ, ಮೆಂಪಿ ಬೆಟ್ಟ, ಕಬೀರ್ ಬೀದಿ, ಮಾರ್ಕೆಟ್ ರಸ್ತೆ, ಆಲ್ಬರ್ಟ್ ಮಿಷನ್ ಶಾಲೆ ಪುಸ್ತಕದಿಂದ ಪುಸ್ತಕಕ್ಕೆ ಮರಳಿ ಬಂದವು. ತಮ್ಮ ಆರ್.ಕೆ. ಲಕ್ಷ್ಮಣ್ ಚಿತ್ರ ಬರೆದರು. ಜೇಮ್ಸ್ ಫೆನೆಲಿ ಎಂಬ ಅಮೆರಿಕದ ವಿದ್ವಾಂಸರು ನಕ್ಷೆಯನ್ನೇ ತಯಾರಿಸಿದರು. ಮಲ್ಲೇಶ್ವರವೂ ಬಸವನಗುಡಿಯೂ ಸೇರಿ ಮಾಲ್ಗುಡಿ ಆಯಿತೆಂದು ಬೆಂಗಳೂರಿನವರು ಹೇಳಿಕೊಂಡರು. ಅದು ತಿರುಚ್ಚಿ ಬಳಿಯ ಲಾಲ್ಗುಡಿಯೇ ಎಂದು ಇಲ್ಲಿಯವರು ಊಹಿಸಿದರು. ನಾರಾಯಣ್ ಮಾತ್ರ ಅದು ಕಲ್ಪನೆ ಎಂದೇ ಹೇಳುತ್ತಾ ಬಂದರು.

ಆಗುಂಬೆಯಲ್ಲಿ ಅವತಾರ

ಹಿಂದಿ ‘ಗೈಡ್’ ಚಿತ್ರದವರು (1965) ಈ ದಕ್ಷಿಣದ ಊರನ್ನು ರಾಜಸ್ಥಾನಕ್ಕೆ ಒಯ್ದಿದ್ದರು. ನಾರಾಯಣ್ ಅದರಿಂದ ನೊಂದು ಲೇಖನವನ್ನೇ ಬರೆದರು. ಊರನ್ನು ಮತ್ತೆ ದಕ್ಷಿಣಕ್ಕೆ ತಂದವರು ನಮ್ಮ ಶಂಕರ್ ನಾಗ್. ದೂರದರ್ಶನಕ್ಕಾಗಿ ಟಿ.ಎಸ್. ನರಸಿಂಹನ್ ನಿರ್ಮಿಸಿದ ‘ಮಾಲ್ಗುಡಿ ಡೇಸ್’ 1986ರ ಸುಮಾರಿಗೆ ದೇಶದ ಮನೆಮನೆಗೆ ಬಂತು. ಭಾಷೆ ಹಿಂದಿಯಾದರೂ ಪಾತ್ರಧಾರಿಗಳಲ್ಲಿ ಗಿರೀಶ್ ಕಾರ್ನಾಡ್, ವೈಶಾಲಿ ಕಾಸರವಳ್ಳಿ, ಅನಂತ್ ನಾಗ್, ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್ ಹೀಗೆ ಕನ್ನಡಿಗರ ದಂಡೇ ಇತ್ತು. ಆಗುಂಬೆಯ ದೊಡ್ಡಮನೆ ಸ್ವಾಮಿಯ ಮನೆಯಾಯಿತು. ಕಲಾ ನಿರ್ದೇಶಕ ಜಾನ್ ದೇವರಾಜ್ ಕೈಚಳಕದಿಂದ ಕಥೆಯ ಲಾಲಿ ಸಾಹೇಬರ ಪ್ರತಿಮೆಯೂ ಬೀದಿಯಲ್ಲಿ ನಿಂತಿತು. ಶಿವಮೊಗ್ಗ ಜಿಲ್ಲೆಯ ಅರಸಾಳು ರೈಲು ನಿಲ್ದಾಣ ಮಾಲ್ಗುಡಿ ನಿಲ್ದಾಣವಾಯಿತು.

ಚಿತ್ರೀಕರಣ ಮುಗಿದರೂ ಊರು ಮುಗಿಯಲಿಲ್ಲ. ಮೈಸೂರು ಮಾರ್ಗದಲ್ಲಿ ‘ಮಾಲ್ಗುಡಿ ಎಕ್ಸ್‌ಪ್ರೆಸ್’ ಎಂಬ ಹೆಸರಿನ ರೈಲು ಓಡಿತು. 2020ರಲ್ಲಿ ನೈರುತ್ಯ ರೈಲ್ವೆ ಅರಸಾಳಿನ ಹಳೆಯ ನಿಲ್ದಾಣವನ್ನು ಮಾಲ್ಗುಡಿ ವಸ್ತುಸಂಗ್ರಹಾಲಯವನ್ನಾಗಿ ಮಾಡಿತು. 1930ರಲ್ಲಿ ಒಬ್ಬರ ಮನಸ್ಸಿನಲ್ಲಿ ತೇಲಿ ಬಂದ ನಿಲ್ದಾಣಕ್ಕೆ 90 ವರ್ಷಗಳ ಬಳಿಕ ನಿಜವಾದ ಬೋರ್ಡು ಬಂತು.

ಯಾರವರು ನಾರಾಯಣ್?

ಇಷ್ಟಾದರೂ ಒಂದು ಪ್ರಶ್ನೆ ಉಳಿದೇ ಇತ್ತು. ಮೈಸೂರಿನ ಯಾದವಗಿರಿಯಲ್ಲಿ ನಾರಾಯಣ್ ಕಟ್ಟಿಸಿದ ಮನೆಯನ್ನು 2011ರಲ್ಲಿ ಕೆಡವಲು ಹೊರಟಾಗ ಸಾರ್ವಜನಿಕರ ಕೂಗಿನಿಂದ ಅದು ನಿಂತಿತು. ಅದನ್ನು ಸ್ಮಾರಕ ಮಾಡಲು ಮುಂದಾದಾಗ, ಅವರು ಕನ್ನಡದಲ್ಲಿ ಬರೆದವರಲ್ಲ, ಸರ್ಕಾರದ ಹಣ ಏಕೆ ಎಂದು ಕೆಲವು ಕನ್ನಡ ಲೇಖಕರೇ ಆಕ್ಷೇಪಿಸಿದರು. ಎಷ್ಟೋ ಕನ್ನಡ ಸಾಹಿತಿಗಳ ಮನೆಗಳು ದಿಕ್ಕಿಲ್ಲದೆ ನಿಂತಿರುವಾಗ ಆ ನೋವು ಸುಳ್ಳೆನ್ನಲಾಗದು. ಕೊನೆಗೆ 2016ರಲ್ಲಿ ಆ ಮನೆ ವಸ್ತುಸಂಗ್ರಹಾಲಯವಾಗಿ ತೆರೆಯಿತು.

ಚೆನ್ನೈನಲ್ಲಿ ನೆಲೆಸಿರುವ ನಮಗೆ ಈ ಪ್ರಶ್ನೆ ಹೊಸದಲ್ಲ. ಅಲ್ಲಿ ಹೋದರೆ ಮದರಾಸಿನವರು, ಇಲ್ಲಿ ಇದ್ದರೆ ಕನ್ನಡದವರು ಎಂದು ಕರೆಸಿಕೊಂಡವರು ನಾವು. ತಮಿಳು ಮನೆಮಾತಿನ, ಇಂಗ್ಲಿಷಿನಲ್ಲಿ ಬರೆದ, ಮೈಸೂರಿನಲ್ಲಿ ಬಾಳಿದ ನಾರಾಯಣ್ ಕೊನೆಯ ವರ್ಷಗಳಿಗೆ ಚೆನ್ನೈಗೇ ಮರಳಿ, 2001ರ ಮೇ 13ರಂದು ಇಲ್ಲೇ ಕಣ್ಣು ಮುಚ್ಚಿದರು. ಬರೆದ ಭಾಷೆಯ ಲೆಕ್ಕ ಒಂದು, ಬಾಳಿದ ಊರಿನ ಲೆಕ್ಕ ಇನ್ನೊಂದು.

ಮಾಲ್ಗುಡಿ ನಿಜವಾದದ್ದು ಬರೀ ಪ್ರಚಾರದಿಂದಲ್ಲ. ಒಬ್ಬರು ಬಿಡದೆ ಹೇಳಿದರು, ಒಬ್ಬರು ಚಿತ್ರ ಬರೆದರು, ಇನ್ನೊಬ್ಬರು ನಟಿಸಿದರು, ಒಂದು ಊರಿನ ಜನ ಬಾಗಿಲು ತೆರೆದರು. ಇಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ತೀರ್ಥಹಳ್ಳಿಯೋ ಕುಂದಾಪುರವೋ ಕೋಲಾರವೋ ಇಂದು ಮಾಲ್ಗುಡಿಯಷ್ಟೇ ದೂರ. ಅಜ್ಜಿ ಹೇಳಿದರೆ ಉಂಟು, ಹೇಳದಿದ್ದರೆ ಇಲ್ಲ. ಇಲ್ಲದ ಊರನ್ನೇ ಹೇಳಿ ಹೇಳಿ ಉಳಿಸಿಕೊಳ್ಳಲು ಸಾಧ್ಯವಾದರೆ, ಇರುವ ಊರನ್ನು ನಾವು ಉಳಿಸಿಕೊಳ್ಳಲಾರೆವೇ? ಸಂಘದ ಸದಸ್ಯರು ಮುಂದಿನ ರಜೆಯಲ್ಲಿ ಮಕ್ಕಳನ್ನು ಅರಸಾಳಿಗೆ ಕರೆದೊಯ್ಯಲಿ. ಹಾಗೇ ಅಲ್ಲಿಂದ ಸ್ವಂತ ಊರಿಗೂ ಒಮ್ಮೆ ಹೋಗಿಬರಲಿ.