ಬಚ್ಚಲ ತೂಬು

ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಬಚ್ಚಲಿನ ಮಾತೇ ಎಂದು ಕೆಲವರು ಮೂಗು ಮುರಿಯಬಹುದು. ಮುರಿಯಲಿ, ತೂಬು ಕೆಟ್ಟ ಮನೆಯಲ್ಲಿ ಅದೇ ಮೂಗನ್ನು ಮುಚ್ಚಿಕೊಂಡು ಸ್ನಾನ ಮಾಡಬೇಕಾಗುವುದು. 1948ರಲ್ಲಿ ಅಡಿಗಲ್ಲು ಕಂಡ ನಮ್ಮ ಜಯನಗರದಲ್ಲಿ ಹಂಡೆ, ಒಲೆ, ಕಡಪದ ಕಲ್ಲಿನ ಬಚ್ಚಲಮನೆಗಳು ಈಗ ವಿರಳ. ಒಲೆ ಹೋಗಿ ಗೀಸರು ಬಂದಿತು, ಕಲ್ಲು ಹೋಗಿ ಟೈಲ್ಸು ಬಂದಿತು. ಆದರೆ ಅನೇಕ ಮನೆಗಳಲ್ಲಿ ಟೈಲ್ಸಿನ ಕೆಳಗಿರುವುದು ಅಜ್ಜನ ಕಾಲದ ತೂಬೇ.

ಮೂಲೆಯ ಜಾಲರಿಯನ್ನು ಎತ್ತಿ ನೋಡಿದರೆ ಕೆಳಗೊಂದು ಸಣ್ಣ ಬಟ್ಟಲು, ಅದರಲ್ಲಿ ಸದಾ ನಿಂತ ನೀರು ಕಾಣಿಸುವುದು. ಅಂಗಡಿಯವರು ಇದನ್ನು ನಹಾನಿ ಟ್ರ್ಯಾಪ್ ಎನ್ನುವರು. ನೀರೇಕೆ ನಿಂತಿದೆ, ಕಟ್ಟಿಕೊಂಡಿದೆಯೆ ಎಂದು ಹೆದರಬೇಕಾಗಿಲ್ಲ. ಸುಮಾರು 50 ಮಿಲಿಮೀಟರ್ ಆಳದ ಆ ನೀರೇ ಮನೆಗೂ ಚರಂಡಿಗೂ ನಡುವಣ ಬಾಗಿಲು. ಸುರಿದ ನೀರು ಅದನ್ನು ತಳ್ಳಿಕೊಂಡು ಹೊರಗೆ ಹೋಗುತ್ತದೆ. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಅನಿಲವಾಗಲಿ, ಜಿರಲೆಯಾಗಲಿ ಅದನ್ನು ದಾಟಿ ಒಳಗೆ ಬರಲಾರದು. 1775ರಲ್ಲಿ ಅಲೆಕ್ಸಾಂಡರ್ ಕಮ್ಮಿಂಗ್ ಎಂಬ ಗಡಿಯಾರ ಮಾಡುವವನು ಲಂಡನ್ನಿನಲ್ಲಿ ಪೇಟೆಂಟ್ ಪಡೆದ ಶೌಚಾಲಯದಲ್ಲಿಯೂ ಕೊಳವೆಯನ್ನು ಬಾಗಿಸಿ ನೀರು ನಿಲ್ಲಿಸುವ ಇದೇ ಉಪಾಯವಿತ್ತು. ಇಷ್ಟು ಅಗ್ಗದ ಕಾವಲುಗಾರ ಬೇರೊಬ್ಬನಿಲ್ಲ.

ತೂಬು ಕಟ್ಟಿಕೊಂಡರೆ ನಮ್ಮವರಿಗೆ ಮೊದಲು ನೆನಪಾಗುವುದು ಆಸಿಡ್. ಇದು ಸಲ್ಲದು. ಆಸಿಡ್ಡು ಕೂದಲಿಗಿಂತ ಮೊದಲು ಸಿಮೆಂಟಿನ ಬೆಸುಗೆಯನ್ನು ತಿನ್ನುವುದು. ಅಲ್ಲಿ ಬ್ಲೀಚಿಂಗ್ ಪೌಡರ್ ಉಳಿದಿದ್ದರಂತೂ ಕ್ಲೋರಿನ್ ಅನಿಲವೆದ್ದು ಮುಚ್ಚಿದ ಬಚ್ಚಲಮನೆಯಲ್ಲಿ ಪ್ರಾಣಕ್ಕೇ ಸಂಚಕಾರ. ಮುರಿದ ಜಾಲರಿಯ ಮಾತೂ ಹಗುರವಲ್ಲ. ಅದರೊಳಗೆ ಜಾರಿದ ಶಾಂಪೂ ಪೊಟ್ಟಣ, ಸೋಪಿನ ಚೂರು, ಕೂದಲುಂಡೆ ಬೀದಿಯ ಮ್ಯಾನ್‌ಹೋಲಿನಲ್ಲಿ ಸಿಕ್ಕಿಕೊಂಡರೆ ತೆಗೆಯುವವರು ಯಾರು? ರಕ್ಷಣೆಯ ಸಲಕರಣೆಯಿಲ್ಲದೆ ಮನುಷ್ಯನನ್ನು ಅದರೊಳಗೆ ಇಳಿಸಕೂಡದೆಂದು 2013ರ ಕಾನೂನು ಹೇಳುತ್ತದೆ. ಆಮೇಲೂ ಇಳಿದವರುಂಟು, ಸತ್ತವರುಂಟು. ನೂರಿನ್ನೂರು ರೂಪಾಯಿಯ ಜಾಲರಿಗೆ ಚೌಕಾಸಿ ಮಾಡುವಾಗ ನನಗೆ ಈ ಸಂಗತಿ ಮನಸ್ಸಿಗೆ ಬಾರದಿರುವುದಿಲ್ಲ.

ಕೆಟ್ಟಿರುವುದು ಜಾಲರಿಯೋ ಟ್ರ್ಯಾಪೋ ಎಂಬುದನ್ನು ಮೊದಲು ತಿಳಿಯಬೇಕು. ರಾತ್ರಿ ಟ್ರ್ಯಾಪಿನ ತುಂಬ ನೀರು ಹಾಕಿ, ಮಟ್ಟವನ್ನು ಗುರುತು ಮಾಡಿ, ಬಚ್ಚಲನ್ನು ಬಳಸದೆ ಬಿಡಿ. ಬೆಳಿಗ್ಗೆ ಬ್ಯಾಟರಿ ಹಿಡಿದು ನೋಡಿ. ಆವಿಯಾಗಿ ಆರುವುದಕ್ಕೆ ವಾರಗಳೇ ಬೇಕು; ಒಂದೇ ರಾತ್ರಿಯಲ್ಲಿ ಇಳಿದಿದ್ದರೆ ಬಟ್ಟಲು ಸೀಳಿದೆ ಎಂದರ್ಥ. ಇಳಿಯದಿದ್ದರೆ ಜಾಲರಿಯನ್ನಷ್ಟೇ ಬದಲಾಯಿಸಿದರಾಯಿತು: ಸುತ್ತಲ ಗಾರೆಯನ್ನು ಸಣ್ಣ ಉಳಿಯಿಂದ ಬಿಡಿಸಿ, ಹೊಸ ಚೌಕಟ್ಟನ್ನು ನೆಲಕ್ಕಿಂತ ಕೂದಲೆಳೆ ತಗ್ಗಾಗಿ ಕೂರಿಸಿ, ಬಿಳಿ ಸಿಮೆಂಟು ತುಂಬುವುದು. ಚೌಕಟ್ಟು ಎತ್ತರವಾದರೆ ನೀರು ಅದರ ಸುತ್ತ ಕೆರೆಯಾಗಿ ನಿಲ್ಲುವುದು.

ಸೀಳಿದ್ದರೆ ನೆಲ ಒಡೆಯದೆ ಗತಿಯಿಲ್ಲ. ಹಳೆಯದನ್ನು ತೆಗೆದು, ಹೊಸ ಪಿವಿಸಿ ಟ್ರ್ಯಾಪನ್ನು ಮಟ್ಟಗೋಲಿಟ್ಟು ನೇರವಾಗಿ ಕೂರಿಸಬೇಕು. ವಾಲಿದರೆ ನಿಲ್ಲುವ ನೀರು ಕಡಮೆಯಾಗಿ ವಾಸನೆಗೆ ದಾರಿಯಾಗುತ್ತದೆ. ಹೊರಹೋಗುವ ಕೊಳವೆಗೆ ಅಡಿಗೆ ಕಾಲು ಅಂಗುಲದಷ್ಟು ಇಳಿಜಾರು ಬೇಕು. ಹಳೆಯ ಕೊಳವೆ ಮಣ್ಣಿನದಾಗಿದ್ದರೆ ಸಂದಿಗೆ ಸೆಣಬಿನ ನಾರು ತುರುಕಿ ಸಿಮೆಂಟು ಗಾರೆ ಕಟ್ಟುವುದು ರೂಢಿ. ಪಿವಿಸಿಗೆ ಪಿವಿಸಿಯಾದರೆ ಅಂಟು ಸಾಕು. ಮೇಸ್ತ್ರಿಗೆ ಯಾವಾಗಲೂ ಮುಂದಿನ ಮನೆಯ ಅವಸರ. ಆದರೂ ಕೊಳವೆಯ ಬಾಯಿಗೆ ಬಿರಡೆ ಹಾಕಿ, ನೀರು ತುಂಬಿ, ಒಂದು ದಿನ ಕಾದು ನೋಡದೆ ಕಾಂಕ್ರೀಟು ಹಾಕಲು ಬಿಡಬೇಡಿ. ಮಹಡಿಯ ಮನೆಯಾದರಂತೂ ಆ ಒಂದು ದಿನವನ್ನು ಉಳಿಸಿದವರಿಗೆ ಕೆಳಮನೆಯವರ ತಾರಸಿಯ ಒದ್ದೆಯೂ ಅವರ ಬೈಗುಳವೂ ವರುಷಗಟ್ಟಲೆ ತಪ್ಪುವುದಿಲ್ಲ.

ಜೆ.ಪಿ. ನಗರದ ಕಡೆ ಕೆಲವು ಹೊಸ ಮನೆಗಳಲ್ಲಿ ಸ್ನಾನದ ಟಬ್ಬೂ ಉಂಟು. ಅದರ ತೂಬಿಗೆ ವೇಸ್ಟ್ ಕಪ್ಲಿಂಗ್ ಎಂದು ಹೆಸರು. ಮೇಲೊಂದು ಬಳೆ, ನಡುವೆ ರಬ್ಬರ್ ವಾಷರು, ಕೆಳಗೊಂದು ನಟ್ಟು. ವಾಷರು ಬದಲಾಯಿಸುವುದು ಅರ್ಧ ಗಂಟೆಯ ಕೆಲಸ. ಆದರೆ ನಮ್ಮಲ್ಲಿ ಟಬ್ಬಿನ ಸುತ್ತ ಇಟ್ಟಿಗೆ ಕಟ್ಟಿ ಟೈಲ್ಸು ಮೆತ್ತಿಬಿಡುವುದರಿಂದ ಆ ನಟ್ಟಿಗೆ ಕೈ ಎಟುಕುವುದಿಲ್ಲ. ಕಟ್ಟಿಸುವಾಗಲೇ ಒಂದಡಿಯ ಬಾಗಿಲು ಬಿಡಿಸಿಕೊಂಡವರು ಜಾಣರು. ಟಬ್ಬು ತುಂಬಲು 150 ಲೀಟರಾದರೂ ಬೇಕು. 1974ರಿಂದ ನಮ್ಮೂರಿಗೆ ಸುಮಾರು 100 ಕಿಲೋಮೀಟರ್ ದೂರದಿಂದ ಏರಿ ಬರುತ್ತಿರುವ ಕಾವೇರಿ ಅದು. ಬಕೆಟ್ಟು ಚೊಂಬಿನ ಪಕ್ಷ ನನ್ನದು.

ಬೇಸಗೆಯ ರಜೆಗೆ ಊರಿಗೆ ಹೋಗುವ ಗೆಳೆಯರಿಗೆ ಇನ್ನೊಂದು ಮಾತು. ಬಾಗಿಲು ತೆರೆದೊಡನೆ ಮನೆಯೆಲ್ಲ ನಾರುತ್ತಿದ್ದರೆ ಪ್ಲಂಬರಿಗೆ ಹೇಳಿಕಳುಹಿಸುವ ಮುನ್ನ ತೂಬಿಗೆ ಎರಡು ಚೊಂಬು ನೀರು ಸುರಿದು ನೋಡಿ. ಆರಿದ್ದ ನೀರು ತುಂಬಿಕೊಂಡರೆ ವಾಸನೆ ನಿಲ್ಲುವುದು. ಹೊರಡುವ ಮುನ್ನವೇ ಆ ನೀರಿನ ಮೇಲೆ ಎರಡು ಚಮಚ ಅಡಿಗೆ ಎಣ್ಣೆ ಬಿಟ್ಟು ಹೋದರೆ ಅದು ಬೇಗ ಆರುವುದಿಲ್ಲ.